ಬಿ ಸೈಡಿನ ಕೆಮ್ಮು

ನಾವು ಅಂದ್ರ ಮೂರು ಮಂದಿ. ಒಬ್ಬ ತಿಕೋಟಾದವ, ಒಬ್ಬ ಬಬಲೇಶ್ವರದವ, ಒಬ್ಬ ಇಲ್ಲೇ ವಿಜಯಪುರದವ. ಇದನ್ನ ಯಾರು ಬರೆದದ್ದು ಅಂತ ಕೇಳಬ್ಯಾಡ್ರಿ. ಮೂವರೂ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ತಪ್ಪಿದ್ರ ಮೂವರಿಗೂ ಸಮಾ ಹಂಚಿ ಬೈರಿ.

ಕೆಲಸ ಶುರು ಮಾಡಿದ್ದು ಸಿನಿಮಾ ಸಲುವಾಗಿ. ಮೂರನೇ ಸೆಮಿಸ್ಟರ್ ರಜೆಯಾಗ 7,500 ರೂಪಾಯಿ ಕೂಡಿಸಿ, ಯಾವುದೋ ಆಫೀಸಿನಿಂದ ಹೊರಬಿದ್ದ ಹಳೆ ಮಿನಿ ಪಿಸಿ ತಂದ್ವಿ. ಊಟದ ಡಬ್ಬಿಯಷ್ಟು ಗಾತ್ರ, 8 ಜಿಬಿ ರ‍್ಯಾಮ್. ಅದಕ್ಕೆ ಡೆಬಿಯನ್ ಹಾಕಿ, ಮ್ಯಾಲೆ ಜೆಲ್ಲಿಫಿನ್ ಹಾಕಿದ್ವಿ. 2018ರಲ್ಲಿ ಎಂಬಿ ಅನ್ನೋ ಮೀಡಿಯಾ ಸರ್ವರ್ ತನ್ನ ಸೋರ್ಸ್ ಕೋಡ್ ಮುಚ್ಚಿಕೊಂಡಾಗ, ಸಿಟ್ಟಾದ ಮಂದಿ ಹಳೆ ಕೋಡ್ ತಗೊಂಡು ಬ್ಯಾರೆ ಮನಿ ಹೂಡಿದ್ರು, ಅದೇ ಜೆಲ್ಲಿಫಿನ್. ಪುಕ್ಕಟೆ. ಟಿವಿಯಾಗ ತೆರೆದ್ರ ಥೇಟ್ ನೆಟ್‌ಫ್ಲಿಕ್ಸ್ ಕಂಡಂಗ ಕಾಣತೈತಿ, ಆದ್ರ ಸಿನಿಮಾ ಎಲ್ಲಾ ನಿಮ್ಮವ.

ಡಬ್ಬಿ ಇಡೂದು ಎಲ್ಲಿ? ದೊಡ್ಡ ಟಿವಿ, ಬ್ರಾಡ್‌ಬ್ಯಾಂಡ್ ಎರಡೂ ಇದ್ದದ್ದು ತಿಕೋಟಾದ ಮನ್ಯಾಗ. ಅಲ್ಲಿ ಅವ್ವ ಕೇಳಿದ ಮೊದಲ ಪ್ರಶ್ನೆ, "ಕರೆಂಟ್ ಎಷ್ಟು ತಿಂತೈತಿ?" ಗೃಹಜ್ಯೋತಿ ಲೆಕ್ಕ ಅವರಿಗೆ ನಮಗಿಂತ ಚಲೋ ಗೊತ್ತು: ಹಿಂದಿನ ಸರಾಸರಿ, ಅದರ ಮ್ಯಾಲೆ ಹತ್ತು ಪರ್ಸೆಂಟ್, ಅಷ್ಟಕ್ಕ ಮಾತ್ರ ಪುಕ್ಕಟೆ. ನಾವು ಮೀಟರ್ ಹಚ್ಚಿ ನೋಡಿದ್ವಿ, 12 ವ್ಯಾಟ್. ಹಗಲು ರಾತ್ರಿ ನಡೆದ್ರ ತಿಂಗಳಿಗೆ ಎಂಟೂವರೆ ಯೂನಿಟ್ ಚಿಲ್ಲರೆ. "ಆ ಹತ್ತು ಪರ್ಸೆಂಟಿನಾಗ ಹಿಡದ್ರ ಇಡ್ರಿ," ಅಂದ್ರು. ಹಿಡೀತು. ಬ್ಯಾಸಿಗಿಗೆ ಡಿಸ್ಕು 54 ಡಿಗ್ರಿಗೆ ಹೋದಾಗ ಒಂದು ಸಣ್ಣ ಫ್ಯಾನ್ ಹಚ್ಚಿದ್ವಿ.

ಡಬ್ಬಿ ಇಟ್ಟ ಗೋಡೆಯ ಮಾಡದಾಗ ಮೊದಲೇ ಒಂದು ಟೇಪ್‌ರೆಕಾರ್ಡರ್ ಇತ್ತು, 11 ಕ್ಯಾಸೆಟ್ ಇದ್ದುವು. ತೀರಿಹೋದ ಅಜ್ಜನವು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ. ಸ್ವಾಮಿಗಳ ಹುಟ್ಟೂರು ಬಿಜ್ಜರಗಿ ಇದೇ ತಿಕೋಟಾ ತಾಲ್ಲೂಕಿನಾಗ ಬರತೈತಿ. ಅಜ್ಜ ಎಲ್ಲಿ ಪ್ರವಚನ ಇದ್ರೂ ಟೇಪ್‌ರೆಕಾರ್ಡರ್ ಹೊತ್ತೊಯ್ದು ಮುಂದಿನ ಸಾಲಿನಾಗ ಕೂತು ರೆಕಾರ್ಡ್ ಮಾಡಕೊಂಡು ಬರತಿದ್ರು. ನಾವು ಜಾಣರು, "ಅಜ್ಜೀ, ಇವೆಲ್ಲಾ ಯೂಟ್ಯೂಬಿನಾಗ ಇದಕ್ಕಿಂತ ಸ್ವಚ್ಛ ಅದಾವ, ಒಗೀರಿ," ಅಂದ್ವಿ.

"ಯೂಟ್ಯೂಬಿನಾಗ ನಿಮ್ಮಜ್ಜ ಕೆಮ್ಮತಾನೇನು?"

ಆಮೇಲೆ ಕೂತು ಕೇಳಿದ್ವಿ. ಕೆಮ್ಮತಾರ. ಸ್ವಾಮಿಗಳು ಮೆಲ್ಲಗ ಮಾತಾಡತಾ ಇರತಾರ, ನಡುವ ಅಜ್ಜನ ಕೆಮ್ಮು, ಮುಂದ ಕೂತವನಿಗೆ "ಏ, ಸ್ವಲ್ಪ ಸರೀ ಮಾರಾಯಾ" ಅನ್ನೂದು. ಏಳನೇ ಕ್ಯಾಸೆಟ್ಟಿನ ಬಿ ಸೈಡಿನಾಗ ಪ್ರವಚನ ಮುಗಿದ ಮ್ಯಾಲೂ ಬಟನ್ ಒತ್ತೋದು ಮರೆತಾರ. ನಾಕು ನಿಮಿಷ ಅಜ್ಜ ಅಜ್ಜಿ ಮನಿ ಕಡೆ ನಡಕೋತ ಬರತಾರ, ಒಣದ್ರಾಕ್ಷಿ ರೇಟಿನ ಮ್ಯಾಲೆ ಜಗಳ. ಅಜ್ಜಿ ಆಗ ಭಾಳ ಜೋರಿದ್ರು.

ಕ್ಯಾಸೆಟ್ಟು ಫೈಲ್ ಮಾಡೂದಕ್ಕ ಅಡ್ಡದಾರಿ ಇಲ್ಲ. ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸೇ ಬೇಕು. ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರು, ಆಡಾಸಿಟಿಯಾಗ ರೆಕಾರ್ಡಿಂಗ್. ವೇವ್ ಫೈಲ್ ತಾಸಿಗೆ 600 ಎಂಬಿ ಆಗತೈತಿ, ಫ್ಲ್ಯಾಕ್ ಮಾಡಿದ್ರ ಸುಮಾರು ಅರ್ಧ, ದನಿ ಒಂಚೂರೂ ಕೆಡೂದಿಲ್ಲ. ಎರಡು ಶನಿವಾರದಾಗ ಮುಗಿಸಿದ್ವಿ. ಎಲ್ಲಾ ಒಂದು ಡಿಸ್ಕಿನಾಗ, ಅದರ ನಕಲು ಇನ್ನೊಂದು ಡಿಸ್ಕಿನಾಗ. ದಿನಾ ರಾತ್ರಿ ಎರಡಕ್ಕ ಆರ್‌ಸಿಂಕ್ ತಾನೇ ಓಡಿ ನಕಲು ಮಾಡತಿತ್ತು. ನಮಗ ನಾವೇ ಬೆನ್ನು ಚಪ್ಪರಿಸಿಕೊಂಡ್ವಿ.

ಈಗ ತಪ್ಪಿನ ವಿಷಯ. ಇದನ್ನ ನಿಧಾನಕ್ಕ ಓದ್ರಿ, ನಿಮ್ಮ ಸ್ಕ್ರಿಪ್ಟಿನಾಗೂ ಇದ್ದೀತು. ಜೂನಿನ ಮೊದಲ ದೊಡ್ಡ ಮಳಿ. ಗುಡುಗಿಗೆ ಕರೆಂಟ್ ಹೋತು, ಬಂತು, ಮತ್ತ ಹೋತು. ಯುಪಿಎಸ್ ಇರಲಿಲ್ಲ, ಹಿಂದಿನ ತಿಂಗಳು ಆ ರೊಕ್ಕದಾಗ ಪಾವ್‌ಭಾಜಿ ತಿಂದಿದ್ವಿ. ಮೊದಲನೇ ಡಿಸ್ಕು ಸತ್ತಿತು. ಡಿಸ್ಕು ಸಿಗದಿದ್ರೂ ಮಷಿನ್ ಚಾಲೂ ಆಗಲಿ ಅಂತ ಎಫ್‌ಎಸ್‌ಟ್ಯಾಬಿನಾಗ 'ನೋಫೇಲ್' ಬರೆದವರು ನಾವೇ. ಮಷಿನ್ ಚಾಲೂ ಆತು, ಡಿಸ್ಕು ಇರಬೇಕಾದ ಜಾಗದಾಗ ಖಾಲಿ ಫೋಲ್ಡರ್. ರಾತ್ರಿ ಎರಡಕ್ಕ ಆರ್‌ಸಿಂಕ್ ಎದ್ದಿತು. ಆಜ್ಞೆಯ ತುದಿಗೆ 'ಡಿಲೀಟ್' ಅಂತ ಬರೆದಿದ್ವಿ, ಅಂದ್ರ ಮೂಲದಾಗ ಇಲ್ಲದ್ದನ್ನ ನಕಲಿನಿಂದಲೂ ಅಳಸು ಅಂತ. ಮೂಲ ಖಾಲಿ ಐತಲ್ಲ? ನಿಷ್ಠೆಯಿಂದ ಎಲ್ಲಾ ಅಳಿಸಿ ಮಲಗಿತು.

ಸಿನಿಮಾ ಹೋದದ್ದಕ್ಕ ನಕ್ಕು, ಉಳಿದ ಡಿಸ್ಕಿಗೆ ಮತ್ತ ಸಿನಿಮಾ ತುಂಬಿದ್ವಿ. ಕ್ಯಾಸೆಟ್ಟು ನೆನಪಾದದ್ದು ನಾಕು ದಿನ ಬಿಟ್ಟು, ಅಜ್ಜಿ ಕೇಳಿದಾಗ. ಫೋಟೊರೆಕ್ ಓಡಿಸಿದ್ವಿ, ಅಳಿಸಿದ ಫೈಲು ಅದು ಹುಡುಕತೈತಿ, ಆದ್ರ ಅವುಗಳ ಮ್ಯಾಲೆ ನಾವೇ ಹೊಸಾದು ಬರೆದುಬಿಟ್ಟಿದ್ವಿ.

ಒಂದರಿಂದ ಆರು ಬಬಲೇಶ್ವರದವನ ಫೋನಿನಾಗ ಸಿಕ್ಕುವು. ಬಸ್ಸಿನಾಗ ಕೇಳಲಿಕ್ಕೆ ಹಾಕ್ಕೊಂಡಿದ್ನಂತ. (ಪ್ರವಚನ ಕೇಳತಾನಂತ ಅವತ್ತೇ ಗೊತ್ತಾದದ್ದು.) ಏಳರಿಂದ ಮುಂದಿನವನ್ನ ಮತ್ತ ಟೇಪಿನಿಂದ ತೆಗೀಬೇಕು. ಎಂಟು, ಒಂಬತ್ತು, ಹತ್ತು, ಹನ್ನೊಂದು ಬಂದುವು. ಏಳನೇದು ಹಾಕಿದಾಗ ಹಳೆ ರಬ್ಬರ್ ರೋಲರ್ ಅಂಟಂಟಾಗಿ ಟೇಪ್ ನುಂಗಿತು. ಪೆನ್ಸಿಲ್‌ನಿಂದ ಸುತ್ತಿದ್ವಿ, ಸುಕ್ಕು ತಿದ್ದಿದ್ವಿ. ಆ ನಾಕು ನಿಮಿಷದಾಗ 41 ಸೆಕೆಂಡ್ ಉಳೀತು. ದ್ರಾಕ್ಷಿ ರೇಟು ಎಷ್ಟಂತ ಕೇಳಸೂದಿಲ್ಲ.

ಸ್ವಾಮಿಗಳು ಅಂಗಿಗೆ ಜೇಬು ಸೈತ ಇಟ್ಟವರಲ್ಲ. 2023ರ ಜನವರಿ 2ರಂದು ತೀರಿಕೊಂಡ್ರು. ಸ್ಮಾರಕ ಬ್ಯಾಡ ಅಂತ ಮೊದಲೇ ಬರೆದಿಟ್ಟಿದ್ರು. ಅವರ ಮಾತು ಸಾವಿರ ಕಡೆ ಉಳದೈತಿ. ಅಜ್ಜನ ಕೆಮ್ಮು ಒಂದೇ ಮಾಡದಾಗ ಇತ್ತು.

ರೇಡ್ ಹಾಕಿದ್ರ ಆಗತಿತ್ತಲ್ಲ ಅಂತ ಒಬ್ಬ ಸೀನಿಯರ್ ಕೇಳಿದ್ರು. ಇಲ್ಲರಿ. ರೇಡ್ 1 ಒಂದು ಡಿಸ್ಕು ಸತ್ರ ಕಾಯತೈತಿ ಖರೆ, ಆದ್ರ ತಪ್ಪಾಗಿ ಅಳಿಸಿದ್ದನ್ನ ಎರಡೂ ಡಿಸ್ಕಿನಾಗ ಅದೇ ಕ್ಷಣಕ್ಕ ಅಳಸತೈತಿ. ಈ ಮಾತು ನಮ್ಮ ಊರಿಗೆ ಹೊಸದೂ ಅಲ್ಲ. ಫ.ಗು. ಹಳಕಟ್ಟಿಯವರು ಇಲ್ಲೇ ವಕೀಲಿ ಮಾಡಿಕೋತ ಮನಿ ಮನಿ ತಿರುಗಿ ವಚನದ ತಾಡೋಲೆ ಕೂಡಿಸಿದ್ರು, 1923ರಲ್ಲಿ 'ವಚನಶಾಸ್ತ್ರಸಾರ' ತಂದ್ರು. ಕಟ್ಟುಗಳು ಬ್ಯಾರೆ ಬ್ಯಾರೆ ಮನ್ಯಾಗ ಇದ್ದುವು ಅಂತ ತಾನೇ ಅವರ ಕೈಗೆ ಅಷ್ಟು ಸಿಕ್ಕದ್ದು? ನಾವು ಎರಡೂ ಡಿಸ್ಕು ಒಂದೇ ಪ್ಲಗ್ಗಿಗೆ ಹಚ್ಚಿದ್ವಿ.

ಈಗ ಸ್ಕ್ರಿಪ್ಟು ಮೊದಲು ಡಿಸ್ಕು ಐತೋ ಇಲ್ಲೋ ನೋಡತೈತಿ, ಇಲ್ಲಂದ್ರ ಸುಮ್ಮನ ನಿಲ್ಲತೈತಿ. ರೆಸ್ಟಿಕ್ ದಿನಾ ಒಂದು ಸ್ನ್ಯಾಪ್‌ಶಾಟ್ ಇಡತೈತಿ. ಇವತ್ತು ಅಳಿಸಿದ್ರೂ ನಿನ್ನೆಯದು ಇರತೈತಿ. ಸಣ್ಣ ಯುಪಿಎಸ್ ಬಂದೈತಿ. ಒಂದು ಪ್ರತಿ ತಿಕೋಟಾದಾಗ, ಒಂದು ವಿಜಯಪುರದಾಗ. ಮೂರನೇದು ಬಬಲೇಶ್ವರಕ್ಕ ಹೋಗಬೇಕಿತ್ತು. ಹೋದ ರವಿವಾರ ಡಿಸ್ಕನ್ನ ಟಾವೆಲ್ಲಿನಾಗ ಸುತ್ತಿ ಚೀಲಕ್ಕ ಹಾಕುವಾಗ ಅಜ್ಜಿ ಬಾಗಿಲಿಗೆ ಬಂದ್ರು.

"ತೊಡಿ ಮ್ಯಾಲೇ ಇಟಗೋರಿ, ಮ್ಯಾಲಿನ ಕ್ಯಾರಿಯರಿಗೆ ಹಾಕಬ್ಯಾಡ್ರಿ. ಮುಟ್ಟಿದ ಕೂಡಲೇ ಫೋನ್ ಮಾಡ್ರಿ."

ವಿಜಯಪುರದಾಗ ಬಸ್ ಬದಲಿ ಮಾಡಿ, ಬಬಲೇಶ್ವರ ಸ್ಟ್ಯಾಂಡಿನಾಗ ಇಳಿದ ಮ್ಯಾಲೆ ಮಾಡಿದ್ವಿ.