ಕೀಲು ಎಲ್ಲಿದೆ?

ಕಟ್ಟಡವನ್ನು ಕಂಪ್ಯೂಟರಿನಲ್ಲೇ ಕಟ್ಟಿ ತೋರಿಸುವ ‘ರೆವಿಟ್’ ಎಂಬ ತಂತ್ರಾಂಶದಲ್ಲಿ ಬಾಗಿಲು, ಕಿಟಕಿ, ಕುರ್ಚಿಗಳಿಗೆಲ್ಲ ‘ಫ್ಯಾಮಿಲಿ’ ಎಂದು ಹೆಸರು. ಒಂದು ಫ್ಯಾಮಿಲಿಯೊಳಗೆ ಇನ್ನೊಂದನ್ನು ಸೇರಿಸಬಹುದು, ನಮ್ಮ ಕೂಡುಕುಟುಂಬದ ಹಾಗೆ. ತೊಂದರೆಯೂ ಅದರದ್ದೇ: ಹಿರಿಯರು ಒಂದು ಕಡೆ ತಿರುಗೆಂದರೆ ಕಿರಿಯರು ಇನ್ನೊಂದು ಕಡೆ ತಿರುಗುತ್ತಾರೆ.

2001ರಲ್ಲಿ ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಭಾಗದ ಎಷ್ಟೋ ಮಕ್ಕಳಿಗೆ ಕೆಲಸವೆಂದರೆ ಬೆಳಗಿನ ರೈಲು, ಬೆಂಗಳೂರು. ಬೇತಮಂಗಲದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿವಿಲ್ ಡಿಪ್ಲೊಮಾ ಮುಗಿಸಿ, ತಂದೆ ಸಾಲ ಮಾಡಿ ಕಟ್ಟಿದ ಶುಲ್ಕದಲ್ಲಿ ಈ ತಂತ್ರಾಂಶ ಕಲಿತು, ಬಂಗಾರಪೇಟೆಯಲ್ಲಿ ರೈಲು ಹಿಡಿದು ಅಲ್ಲಿನ ಕಚೇರಿಯೊಂದಕ್ಕೆ ಹೋಗುತ್ತಾಳೆ. ಮೂರು ತಿಂಗಳು ನೋಡಿ ಆಮೇಲೆ ಕೆಲಸ ಕಾಯಂ ಎಂದಿದ್ದಾರೆ. ಕೊಟ್ಟ ಕೆಲಸ ಇಷ್ಟು: ದಕ್ಷಿಣದ ಕಿಟಕಿಗೆ ಬಿಸಿಲು ತಡೆಯುವ ಎಂಟು ಅಡ್ಡಪಟ್ಟಿಗಳ ಚೌಕಟ್ಟು. ಒಂದು ಅಂಕಿ ಬದಲಿಸಿದರೆ ಎಂಟೂ ಒಟ್ಟಿಗೆ ತಿರುಗಬೇಕು. ಅವಳು 30 ಡಿಗ್ರಿ ಎಂದು ಕೊಟ್ಟರೆ ಪಟ್ಟಿಗಳು ಚೌಕಟ್ಟನ್ನೇ ಬಿಟ್ಟು ಹೋಗುತ್ತಿದ್ದವು. ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಂದಳು. ಜೊತೆಗೆ ತಂದೆಯೂ ಬಂದಿದ್ದರು.

ನನಗೆ ರೆವಿಟ್ ಬರುವುದಿಲ್ಲ. ರೇಖಾಗಣಿತ ಬರುತ್ತದೆ. “ಪಟ್ಟಿಯ ಕೀಲು ಎಲ್ಲಿದೆ ತೋರಿಸಮ್ಮ” ಎಂದೆ. ತೋರಿಸಲು ಅವಳಿಗೆ ಆಗಲಿಲ್ಲ.

ಹಳ್ಳಿಯ ಹಳೆಯ ಬಾಗಿಲನ್ನು ನೋಡಿರುತ್ತೀರಿ. ಹಲಗೆಯ ಮೂಲೆಯಲ್ಲೇ ಕೆತ್ತಿದ ಗೂಟ ಹೊಸ್ತಿಲಿನ ಗುಳಿಯಲ್ಲಿ ಕೂತು ತಿರುಗುತ್ತದೆ. ಗುಳಿ ಇಲ್ಲದಿದ್ದರೆ ಬಾಗಿಲು ತಿರುಗದು, ಬೀಳುತ್ತದೆ. ಅವಳು ಪಟ್ಟಿಯನ್ನು ಕೂರಿಸಿದ್ದು ‘ರೆಫರೆನ್ಸ್ ಪ್ಲೇನ್’ ಮೇಲೆ. ಅದು ಎರಡೂ ಕಡೆ ಕೊನೆಯಿಲ್ಲದ ಸಮತಲ. ಯಾವ ಬಿಂದುವಿನ ಸುತ್ತ ತಿರುಗಬೇಕೆಂದು ಅದಕ್ಕೆ ಹೇಗೆ ತಿಳಿಯಬೇಕು? ‘ರೆಫರೆನ್ಸ್ ಲೈನ್’ ಎಂಬುದು ಬೇರೆ. ಅದು ರೇಖಾಖಂಡ, ಅದಕ್ಕೆ ತುದಿಗಳಿವೆ. ಪಕ್ಕದ ನೋಟದಲ್ಲಿ ಅದನ್ನು ಎಳೆದು, ಒಂದು ತುದಿಯನ್ನು ಎರಡು ಸಮತಲಗಳು ಕೂಡುವಲ್ಲಿ ಬೀಗ ಹಾಕಿದರೆ ಅದೇ ಗುಳಿ. ಸಮತಲಕ್ಕೂ ರೇಖೆಗೂ ನಡುವಿನ ಕೋನಕ್ಕೆ ಹೆಸರು ಕೊಡಬೇಕು. ಅಂಕಿ ಬದಲಿಸಿ ಬರಿಯ ರೇಖೆಯನ್ನು ತಿರುಗಿಸಿ ನೋಡಬೇಕು. ಅದು ಸರಿಯಾಗಿ ತಿರುಗಿದ ಮೇಲೆಯೇ ಪಟ್ಟಿಯನ್ನು ಅದರ ಮೇಲೆ ಕೂರಿಸುವುದು. ಬೀಗ, ಹೆಸರು ಹಾಕುವ ಗುಂಡಿಗಳನ್ನೆಲ್ಲ ಅವಳಿಗೆ ಕಲಿಸಿದ್ದರು. ಅವು ಏಕೆ ಬೇಕೆಂದು ಹೇಳಿರಲಿಲ್ಲ.

ಆಮೇಲೂ ಚೌಕಟ್ಟಿನಲ್ಲಿ ಅಂಕಿ ಬದಲಿಸಿದರೆ ಪಟ್ಟಿಗಳು ಮಿಸುಕಲಿಲ್ಲ. ಒಳಗಿನ ಫ್ಯಾಮಿಲಿಯ ಕೋನವನ್ನು ಹೊರಗಿನದರ ಕೋನಕ್ಕೆ ಜೋಡಿಸಿರಲಿಲ್ಲ. ಅದನ್ನು ಅವಳೇ ಕಂಡುಹಿಡಿದಳು. ಸೊನ್ನೆ ಡಿಗ್ರಿಯಲ್ಲಿ ಮಾತ್ರ ಎಚ್ಚರ ಬೇಕು. ರೇಖೆ ಸಮತಲದ ಮೇಲೇ ಬಿದ್ದರೆ ಅಳೆಯಲು ಕೋನವೇ ಉಳಿಯುವುದಿಲ್ಲ, ತಂತ್ರಾಂಶ ತಕರಾರು ತೆಗೆಯಬಹುದು.

“ಅಂಕಿ ಎಷ್ಟು ಕೊಡಲಿ ಸಾರ್?” ಎಂದಳು. ಬೆಂಗಳೂರು, ಬೇತಮಂಗಲ ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ. ಜೂನ್ 21ಕ್ಕೆ ಉತ್ತರಕ್ಕೇ ವಾಲಿರುತ್ತಾನೆ, ದಕ್ಷಿಣದ ಕಿಟಕಿಗೆ ಆಗ ಚಿಂತೆಯಿಲ್ಲ. ಡಿಸೆಂಬರ್ 21ಕ್ಕೆ 90ರಿಂದ 13, ಮತ್ತೆ 23½ ಕಳೆಯಿರಿ: 53½ ಡಿಗ್ರಿ ಎತ್ತರದಿಂದ ಬಿಸಿಲು ನೇರ ಒಳಗೆ. ರೆವಿಟ್ ಸೂರ್ಯನ ದಾರಿಯನ್ನೂ ತೋರಿಸುತ್ತದಂತೆ. ಆದರೂ ಅವಳು ಕಾಗದದ ಮೇಲೆ ಕಳೆದು ನೋಡಿದಳು.

ಸೋಮವಾರ ಕಚೇರಿಯಲ್ಲಿ ತೋರಿಸಿದ್ದಾಳೆ. ಈಗ ಪಶ್ಚಿಮದ ಕಿಟಕಿಯನ್ನು ಕೊಟ್ಟಿದ್ದಾರಂತೆ. ಮೂರು ತಿಂಗಳು ತುಂಬಲು ಇನ್ನೂ ಐದು ವಾರ ಇದೆ.