ಗೋಕಾಕ ಫಾಲ್ಸ್‌ನಿಂದ ಕೋಲಾರದ ಆಳಕ್ಕೆ

ಗೋಕಾಕ ಫಾಲ್ಸ್ ನೋಡಬೇಕಂದ್ರ ಮಳೆಗಾಲದಾಗ ಬರ್ರಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮ್ ದಾಟಿ ಬರುವ ಘಟಪ್ರಭೆ ಇಲ್ಲಿ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಈ ಸಲ ಜತೆಗೆ ಮೂಡಲಗಿಯ ಅಕ್ಕನ ಮಗ ಇದ್ದ, ಬಿ.ಎಸ್ಸಿ. ಓದ್ತಾನೆ.

"ಮಾಮಾ, ಅಂಗೈ ಚಾಚ್ರಿ. ಸೆಕೆಂಡಿಗೆ ಸುಮಾರು ಒಂದು ಮ್ಯೂಆನ್ ಕಣ ಅದರಾಗ ತೂರಿ ಹೋಗತೈತ್ರಿ!" ಆಕಾಶದಿಂದ ಬರೋ ಕಾಸ್ಮಿಕ್ ಕಿರಣ ಗಾಳಿಗೆ ಬಡಿದು ಹುಟ್ಟುವ ಕಣಗಳವು.

ಆ ಗದ್ದಲದಲ್ಲಿ ನ್ಯೂಟ್ರಿನೊ ಎಂಬ ಮೌನಿ ಕಣವನ್ನು ಹಿಡಿಯೋದು ಕಷ್ಟ. ಮೇಲೆ ದಪ್ಪ ಬಂಡೆ ಬೇಕು. ಮ್ಯೂಆನ್ ಅಲ್ಲೇ ನಿಲ್ಲುತ್ತದೆ, ನ್ಯೂಟ್ರಿನೊ ದಾಟಿ ಬರುತ್ತದೆ. ಅದಕ್ಕೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ಜತೆ ನಮ್ಮ ಕೋಲಾರದ ಚಿನ್ನದ ಗಣಿಗೆ ಇಳಿದರು. ಸುಮಾರು 2.3 ಕಿ.ಮೀ. ಆಳ, ಅಂದರೆ ಈ ಫಾಲ್ಸ್‌ನಂಥ 44 ಒಂದರ ಕೆಳಗೊಂದು! ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ 1965ರಲ್ಲಿ ಅಲ್ಲಿ ಸುಳಿವು ಕೊಟ್ಟಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ.

"ಎಂ.ಎಸ್ಸಿ. ಮುಗಿಸಿ ಅಂಥಾ ಕಡೆನೇ ಕೆಲಸ ಮಾಡ್ತೀನ್ರಿ" ಅಂದ ಹುಡುಗ.

ಎಲ್ಲಿ ಅಂತ ಹೇಳಲಿ? ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಆಳದಲ್ಲೀಗ ನೀರು. ತಮಿಳುನಾಡಿನ ಥೇಣಿಯ ಗುಡ್ಡದೊಳಗೆ ಹೊಸ ಪ್ರಯೋಗಾಲಯ ಕಟ್ಟಲು ಕೇಂದ್ರ ಒಪ್ಪಿದರೂ ವಿರೋಧದಿಂದ ಕೆಲಸ ನಿಂತಿತು. ತಮ್ಮ ಗುಡ್ಡ, ನೀರಿನ ಬಗ್ಗೆ ಅಲ್ಲಿನವರಿಗಿರೋ ಆತಂಕವನ್ನೂ ತಳ್ಳಿಹಾಕುವಂತಿಲ್ಲ.