ಭಂಗಾರ್ ಅಲ್ಲ, ಬಂಗಾರ
ಮನೆಯಲ್ಲೇ ಥಿಯೇಟರ್ ಕಟ್ಟುವ ಹುಚ್ಚು ಹತ್ತಿ, ಡೊಂಬಿವಲಿಯಿಂದ ದಾದರಿಗೆ ಹೋಗಿ, ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದೆ. ಅಂಗಡಿಯವನು ಐದು ಹೊಸ ಸ್ಪೀಕರ್ ತೋರಿಸಿ, “ಹಳೆಯದನ್ನು ಭಂಗಾರ್‌ಗೆ ಹಾಕಿ” ಎಂದ. ಅಪ್ಪ ಓವರ್‌ಟೈಮ್ ದುಡಿದು ಕೊಂಡ ಜೋಡಿಯದು, ಮನಸ್ಸಾಗಲಿಲ್ಲ. ಅವುಗಳ ಬೆನ್ನಿನ ಮೇಲೆ 8 ಓಮ್ ಎಂದಿತ್ತು. ಅದಕ್ಕೊಪ್ಪುವ ರಿಸೀವರ್ ಮಾತ್ರ ತಂದೆ.

ಟಿವಿಯ ಎಡಬಲಕ್ಕೆ ಹಳೆಯ ಜೋಡಿಯನ್ನಿಟ್ಟು, ‘ಸೆಂಟರ್ ಸ್ಪೀಕರ್ ಇಲ್ಲ’ ಎಂದು ರಿಸೀವರಿಗೆ ತಿಳಿಸಿದರೆ ಸಾಕು: ಅದು ಮಾತನ್ನು ಎರಡಕ್ಕೂ ಸಮನಾಗಿ ಹಂಚುತ್ತದೆ. ನಡುವೆ ಕುಳಿತವರಿಗೆ ಪರದೆಯೇ ಮಾತಾಡಿದಂತೆ! ಹಿಂದಿನ ಸದ್ದಿಗೆ ಕಿಟಕಿಯಾಚೆಯ ಕಲ್ಯಾಣ್ ಲೋಕಲ್ ಇದ್ದೇ ಇದೆ.

ಮೊದಲ ದಿನ 1972ರ ‘ಬಂಗಾರದ ಮನುಷ್ಯ’ ಹಾಕಿ, ಕಿವಿ ಮಂದವಾದ ಅಮ್ಮನನ್ನು ನಡುವೆ ಕೂರಿಸಿದೆ. ರಾಜ್‌ಕುಮಾರ್ ಮಾತು ಕೇಳಿದ್ದೇ ತಡ, ಅಮ್ಮ ಕಣ್ಣೊರೆಸಿಕೊಂಡರು: “ಇವು ಅಪ್ಪನವೇ ಅಲ್ಲವೇನೋ?”